ಉತ್ತರಹಳ್ಳಿಯಲ್ಲಿ ಒಂದು ಕೊಡ ನೀರಿನ ಬೆಲೆ

ಬನಶಂಕರಿ ಬಸ್ ನಿಲ್ದಾಣದಿಂದ ಉತ್ತರಹಳ್ಳಿ ಬಹಳ ದೂರವೇನೂ ಅಲ್ಲ. ಪದ್ಮನಾಭನಗರ, ಚಿಕ್ಕಲ್ಲಸಂದ್ರ ದಾಟಿದರೆ ಬಂದೇ ಬಿಟ್ಟಿತು. ರಸ್ತೆ ಖಾಲಿ ಇದ್ದರೆ ಅರ್ಧ ಗಂಟೆ, ಇಲ್ಲದಿದ್ದರೆ ಬಸ್ಸಿನಲ್ಲೇ ಒಂದು ಸಣ್ಣ ನಿದ್ದೆ ಮುಗಿಸಬಹುದು. ಇಳಿದವರಿಗೆ ಮೊದಲು ಕಾಣುವುದು ಹಳ್ಳಿಯಲ್ಲ. ಬೇಕರಿ, ಔಷಧಿ ಅಂಗಡಿ, ಟ್ಯೂಷನ್ ಬೋರ್ಡು, ಮೂರಂತಸ್ತಿನ ಬಾಡಿಗೆ ಮನೆಗಳು. ಅವುಗಳ ಸಂದಿಯಲ್ಲಿ ರಸ್ತೆಯುದ್ದಕ್ಕೂ ನೀರು ಚೆಲ್ಲುತ್ತಾ ಸಾಗುವ ಒಂದು ಟ್ಯಾಂಕರ್. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದುಕೊಂಡಿದೆ.

ಪ್ರವಾಸ ಲೇಖನ ಬರೆಯುವವರು ಸಾಮಾನ್ಯವಾಗಿ ಜಲಪಾತವನ್ನೋ ದೇವಾಲಯವನ್ನೋ ಹುಡುಕಿಕೊಂಡು ಹೋಗುತ್ತಾರೆ. ನಾನು ಹೋದದ್ದು ಒಂದು ಪ್ರಶ್ನೆಯ ಬೆನ್ನು ಹತ್ತಿ. ಪ್ರಶ್ನೆ ನನ್ನದಲ್ಲ, ನನ್ನ ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯದು.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರಲೇಬೇಕು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದ ಸರಕಾರಿ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಈ ಹುಡುಗಿಯ ಮನೆ ಉತ್ತರಹಳ್ಳಿಯ ಒಂದು ಓಣಿಯಲ್ಲಿ, ಬಾಡಿಗೆಗೆ. ತಂದೆ ಆಟೊ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮನೆ ಮಾಲೀಕರ ಬೋರ್‌ವೆಲ್ ಫೆಬ್ರವರಿಯಲ್ಲೇ ನಿಂತಿತು. ಕಟ್ಟಡದ ನಾಲ್ಕು ಮನೆಯವರು ಸೇರಿ ಟ್ಯಾಂಕರ್ ತರಿಸತೊಡಗಿದರು. 700 ರೂಪಾಯಿಗೆ ಬರುತ್ತಿದ್ದ 6,000 ಲೀಟರ್ ಟ್ಯಾಂಕರ್ ಮಾರ್ಚ್ ಹೊತ್ತಿಗೆ 1,500 ಕೇಳಿತು.

ಆಗ ಸರಕಾರ ಮಧ್ಯೆ ಪ್ರವೇಶಿಸಿತು. ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಐದರಿಂದ ಹತ್ತು ಕಿಲೋಮೀಟರ್ ಆದರೆ 750, 850, 1,200. ಪತ್ರಿಕೆಯಲ್ಲಿ ಪಟ್ಟಿ ನೋಡಿದ ಆ ತಾಯಿ ಸಂತೋಷದಿಂದ ಟ್ಯಾಂಕರ್‌ನವನಿಗೆ ಫೋನು ಮಾಡಿದರು. "ಬರ್ತೀನಿ ಅಕ್ಕಾ" ಎಂದವನು ನಾಲ್ಕು ದಿನ ಬರಲಿಲ್ಲ. ಕೊನೆಗೆ ಬಂದದ್ದು ರಾತ್ರಿ ಒಂದು ಗಂಟೆಗೆ. ಮರುದಿನ ಮಗಳಿಗೆ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ. ಸಂಪಿಗೆ ಪೈಪು ಹಿಡಿದು ನಿಂತವಳೂ ಅವಳೇ.

ಪರೀಕ್ಷೆಯೆಲ್ಲ ಮುಗಿದ ಮೇಲೆ ಶಾಲೆಗೆ ಬಂದಿದ್ದಾಗ ಕೇಳಿದಳು: "ಸಾರ್, ರೇಟು ಜಾಸ್ತಿ ಇದ್ದಾಗ ಟ್ಯಾಂಕರ್ ಬರ್ತಿತ್ತು. ಸರಕಾರ ರೇಟು ಕಮ್ಮಿ ಮಾಡಿದ್ಮೇಲೆ ಯಾಕೆ ಬರ್ಲಿಲ್ಲ?"

ವಿಜ್ಞಾನದ ಮೇಷ್ಟರಾದ ನಾನು ಗುರುತ್ವಾಕರ್ಷಣೆಯ ಪ್ರಶ್ನೆಗೆ ಥಟ್ಟನೆ ಉತ್ತರಿಸುತ್ತಿದ್ದೆ. ಇದಕ್ಕೆ ತಡವರಿಸಿದೆ. ಹಾಗಾಗಿ ಒಂದು ಭಾನುವಾರ ಚೀಲ ಹೆಗಲಿಗೇರಿಸಿ ಉತ್ತರಹಳ್ಳಿಗೆ ಹೊರಟೆ. ಆಮೇಲೂ ಹಲವು ಬಾರಿ ಹೋಗಿದ್ದೇನೆ.

ಟ್ಯಾಂಕರ್‌ನವನ ಲೆಕ್ಕ

ಉತ್ತರಹಳ್ಳಿಯಿಂದ ಕೆಂಗೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ ತುರಹಳ್ಳಿ ಕಾಡಿನ ಬಂಡೆಗಳು ಕಾಣುವಷ್ಟರಲ್ಲಿ ಟ್ಯಾಂಕರ್‌ಗಳು ಸಾಲಾಗಿ ನಿಂತಿದ್ದವು. ಒಂದರ ನೆರಳಲ್ಲಿ ಕುಳಿತು ಅದರ ಮಾಲೀಕ ಬೀಡಿ ಸೇದುತ್ತಿದ್ದ. ಸ್ವತಃ ಚಾಲಕನೂ ಅವನೇ. ನಾನು ಮೇಷ್ಟರೆಂದು ತಿಳಿದ ಮೇಲೆ ಬೀಡಿ ಆರಿಸಿ ಮಾತಿಗೆ ಬಂದ.

"ಐದು ಕಿಲೋಮೀಟರಿಗೆ ಆರ್ನೂರು ಅಂದ್ರು ಮೇಷ್ಟ್ರೇ. ಸರಿ, ಒಪ್ಕೊಳ್ಳೋಣ. ಆದ್ರೆ ನನ್ನ ಬೋರು ಬತ್ತೋಯ್ತಲ್ಲ? ತುಂಬಿಸ್ಕೊಳ್ಳೋಕೆ ಹನ್ನೆರಡು ಕಿಲೋಮೀಟರ್ ಹೋಗ್ಬೇಕು. ಬೋರಿನವನಿಗೆ ದುಡ್ಡು, ಡೀಸೆಲ್ಲು, ಸಾಲದ ಕಂತು. ಅಲ್ಲಿ ಲೈನಲ್ಲಿ ಎರಡು ಗಂಟೆ ನಿಲ್ಬೇಕು. ಮೊದಲು ದಿನಕ್ಕೆ ಎಂಟು ಲೋಡು ಹೊಡೀತಿದ್ದೆ, ಆಗ ಮೂರೇ ಆಗ್ತಿತ್ತು. ಆರ್ನೂರಕ್ಕೆ ಹೋದ್ರೆ ಕೈಯಿಂದಲೇ ಹೋಗುತ್ತೆ. ನಾನೇನು ಕಳ್ಳ ಅಲ್ಲ, ಹಾಗಂತ ದಾನಶೂರ ಕರ್ಣನೂ ಅಲ್ಲ."

ಸ್ವಲ್ಪ ಸುಮ್ಮನಿದ್ದು ಅವನೇ ಸೇರಿಸಿದ: "ಸುಳ್ಳು ಯಾಕೆ ಹೇಳ್ಲಿ, ನಮ್ಮಲ್ಲೂ ಕೆಲವರು ಚೆನ್ನಾಗಿ ಬಾಚ್ಕೊಂಡ್ರು."

ಎರಡೂ ಮಾತು ನಿಜವೇ. ಆ ಮಾರ್ಚ್ ಮೊದಲ ವಾರದಲ್ಲಿ ಸರಕಾರ ತಾನೇ ಕೊಟ್ಟ ಲೆಕ್ಕದ ಪ್ರಕಾರ ನಗರದ ಸುಮಾರು 3,500 ಟ್ಯಾಂಕರ್‌ಗಳಲ್ಲಿ ನೋಂದಣಿ ಮಾಡಿಸಿಕೊಂಡಿದ್ದವು 219. ಉಳಿದವು ಕಣ್ಣಿಗೆ ಕಂಡರೂ ಕಡತದಲ್ಲಿರಲಿಲ್ಲ. ಕಡತದಲ್ಲಿಲ್ಲದ ಗಾಡಿಗೆ ದರಪಟ್ಟಿ ಅಂಟಿಸುವುದು ಹೇಗೆ?

ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞರು ಇದನ್ನು ನಮ್ಮ ಪ್ರಯೋಗಾಲಯದ ಭಾಷೆಯಲ್ಲೇ ಹೇಳಬಹುದು. ಬೆಲೆಯೆಂಬುದು ಉಷ್ಣಮಾಪಕ. ಮಗುವಿಗೆ 103 ಡಿಗ್ರಿ ಜ್ವರ ಬಂದಾಗ ಪಾದರಸವನ್ನು ಕೈಯಿಂದ ಒತ್ತಿ 98ಕ್ಕೆ ಇಳಿಸಿದರೆ ಜ್ವರ ಇಳಿಯುವುದಿಲ್ಲ, ಜ್ವರ ಎಷ್ಟಿದೆಯೆಂಬ ತಿಳಿವಳಿಕೆ ಮಾತ್ರ ಹೋಗುತ್ತದೆ. 1,500 ರೂಪಾಯಿ ಎಂಬ ಬೆಲೆ ಕ್ರೂರವಾಗಿತ್ತು, ಆದರೆ ಅದು ಒಂದು ಸುದ್ದಿಯನ್ನು ಹೊತ್ತು ತಂದಿತ್ತು: ಇಲ್ಲಿ ನೀರಿಲ್ಲ, ದೂರದಿಂದ ತರುವವರು ಬೇಕು, ಇರುವವರು ಉಳಿಸಬೇಕು. 600 ಎಂದು ಬರೆದ ಕ್ಷಣ ಆ ಸುದ್ದಿ ಸುಳ್ಳಾಯಿತು. ಆ ದರಕ್ಕೆ ಕೇಳುವವರು ಹೆಚ್ಚಾದರು, ಕೊಡುವವರು ಕಡಿಮೆಯಾದರು. ನಡುವಿನ ಕಂದಕವನ್ನು ತುಂಬಿದ್ದು ಸಾಲು, ಪರಿಚಯ, ಮತ್ತು ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುವ ಹುಡುಗಿಯ ನಿದ್ದೆ.

ಬೆಲೆ ರೂಪಾಯಿಯಲ್ಲಿ ಇಳಿದು ಗಂಟೆಗಳಲ್ಲಿ ಏರಿತ್ತು. ಗಂಟೆಗಳಿಗೆ ಯಾರೂ ದರಪಟ್ಟಿ ಮಾಡುವುದಿಲ್ಲ.

ಸಿಮೆಂಟಿಗೂ ಪರ್ಮಿಟ್ ಇದ್ದ ಕಾಲ

ಇಂದಿನ ಮಕ್ಕಳಿಗೆ ಇದು ಹೊಸದೆನಿಸಬಹುದು, ನನ್ನ ವಯಸ್ಸಿನ ತಂದೆತಾಯಿಯರಿಗೆ ಅಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮನೆ ಕಟ್ಟುವವರು ಸಿಮೆಂಟಿಗೆ ಪರ್ಮಿಟ್ ಪಡೆಯಬೇಕಿತ್ತು. ಸರಕಾರ ಗೊತ್ತುಮಾಡಿದ ಬೆಲೆಗೆ ಸಿಮೆಂಟು ಕಾಗದದ ಮೇಲೆ ಅಗ್ಗ, ಅಂಗಡಿಯಲ್ಲಿ ಇಲ್ಲ. ಮೂಟೆಗೊಂದು ಸರಕಾರಿ ಬೆಲೆ, ಕಾಳಸಂತೆಗೊಂದು ಬೆಲೆ. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಹೊಸ ಕಾರ್ಖಾನೆಗಳು ಬಂದವು. ಇವತ್ತು ಉತ್ತರಹಳ್ಳಿಯ ಯಾವ ಅಂಗಡಿಗೆ ಹೋದರೂ ಸಿಮೆಂಟು ಸಿಗುತ್ತದೆ, ಪರ್ಮಿಟ್ ಎಂಬ ಪದ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ.

ಈ ವಾದವನ್ನು ನಮ್ಮ ದೇಶದಲ್ಲಿ ಒಂಟಿಯಾಗಿ, ಬಹಳ ಮೊದಲೇ ಮಂಡಿಸಿದವರು ನಮ್ಮ ಕರಾವಳಿಯ ಕಡೆಯವರೇ. ಬಿ.ಆರ್. ಶೆಣೈ ಹುಟ್ಟಿದ್ದು 1905ರಲ್ಲಿ, ಕಾಞಂಗಾಡಿನ ಹತ್ತಿರದ ಬೆಳ್ಳಿಕ್ಕೋತ್ ಎಂಬ ಊರಿನಲ್ಲಿ. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಆ ಊರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಲಂಡನ್ನಿನಲ್ಲಿ ಓದುವಾಗ ಅವರು ಹಯೆಕ್ ಎಂಬ ಅರ್ಥಶಾಸ್ತ್ರಜ್ಞರ ಪ್ರಭಾವಕ್ಕೆ ಒಳಗಾದರು. ಬೆಲೆಯೆಂಬುದು ಲಕ್ಷಾಂತರ ಜನರಲ್ಲಿ ಚದುರಿಹೋಗಿರುವ ತಿಳಿವಳಿಕೆಯನ್ನು ಒಂದುಗೂಡಿಸುವ ಸಾಧನ ಎಂದು 1945ರಲ್ಲಿ ಬರೆದ ಹಯೆಕ್ ಅವರೇ ಇವರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಸರಕಾರ ನೇಮಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಉಳಿದವರೆಲ್ಲ ಹೂಂಗುಟ್ಟಿದಾಗ ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ನೋಟು ಮುದ್ರಿಸಿ ಕೊರತೆ ತುಂಬಬೇಡಿ, ಬೆಲೆ ನಿಯಂತ್ರಣದಿಂದ ಕೊರತೆ ನೀಗದು ಎಂಬುದು ಅವರ ಮಾತಿನ ಸಾರ. ಆಗ ಅದಕ್ಕೆ ಕಿವಿಗೊಟ್ಟವರು ಕಡಿಮೆ. 1978ರಲ್ಲಿ ಅವರು ತೀರಿಕೊಂಡರು. ದೇಶ 1991ರಲ್ಲಿ ಲೈಸೆನ್ಸುಗಳ ಗಂಟನ್ನು ಬಿಚ್ಚತೊಡಗಿದ್ದನ್ನು ನೋಡಲು ಅವರಿರಲಿಲ್ಲ.

ನಾಲ್ಕು ಬೆಲೆಯ ನೀರು

ಮತ್ತೆ ಉತ್ತರಹಳ್ಳಿಗೆ ಬರೋಣ. ಇಲ್ಲಿ ಒಂದು ಗಂಟೆ ಸುತ್ತಾಡಿದರೆ ನೀರಿಗೆ ನಾಲ್ಕು ಬೆಲೆ ಸಿಗುತ್ತದೆ. ಪೆನ್ನು, ಕಾಗದ ತೆಗೆದುಕೊಳ್ಳಿ.

ಕೆಲವು ಬೀದಿಗಳಿಗೆ ಕಾವೇರಿ ನಲ್ಲಿ ಇದೆ. 2014ರ ನವೆಂಬರಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊದಲ 8,000 ಲೀಟರಿಗೆ ಜಲಮಂಡಳಿಯ ದರ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. ಅದೇ ಬೀದಿಯ ಕೊನೆಗೆ ನಲ್ಲಿ ಇಲ್ಲದ ಮನೆಗೆ ಟ್ಯಾಂಕರ್ ನೀರು, ಸರಕಾರಿ ದರದಲ್ಲೇ ಹಿಡಿದರೂ ಸಾವಿರ ಲೀಟರಿಗೆ 100 ರೂಪಾಯಿ. ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನಿಗೆ 5 ರೂಪಾಯಿ ಎಂದುಕೊಂಡರೆ ಸಾವಿರ ಲೀಟರಿಗೆ 250. ಅಂಗಡಿಯ 20 ರೂಪಾಯಿ ಬಾಟಲಿಯ ಲೆಕ್ಕದಲ್ಲಿ 20,000. ಹದಿನೈದು ಲೀಟರಿನ ಒಂದು ಕೊಡಕ್ಕೆ ಇಳಿಸಿದರೆ ನಲ್ಲಿಯಲ್ಲಿ ಹತ್ತು ಪೈಸೆ ಚಿಲ್ಲರೆ, ಟ್ಯಾಂಕರ್‌ನಲ್ಲಿ ಒಂದೂವರೆ ರೂಪಾಯಿ. ತಿಂಗಳಿಗೆ 8,000 ಲೀಟರ್ ಬಳಸುವ ಮನೆಗೆ ನಲ್ಲಿಯಲ್ಲಾದರೆ ನೀರಿನ ಖರ್ಚು 56 ರೂಪಾಯಿ, ಟ್ಯಾಂಕರಿನಲ್ಲಾದರೆ 800.

ಇನ್ನೊಂದು ಲೆಕ್ಕ ಒಂಬತ್ತನೇ ತರಗತಿಯ ಮಕ್ಕಳೂ ಮಾಡಬಹುದು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪುಮನೆಗಳ ಮೂಲಕ ಸುಮಾರು ನೂರು ಕಿಲೋಮೀಟರ್ ಹರಿದು, ಸುಮಾರು 500 ಮೀಟರ್ ಮೇಲೇರಿ ನಮ್ಮ ನಗರಕ್ಕೆ ಬರುತ್ತದೆ. ತಾತಗುಣಿ ಉತ್ತರಹಳ್ಳಿಗೆ ಹತ್ತಿರದಲ್ಲೇ, ಕನಕಪುರ ರಸ್ತೆಯಲ್ಲಿದೆ. ಸಾವಿರ ಲೀಟರ್ ಎಂದರೆ ಸಾವಿರ ಕಿಲೋಗ್ರಾಂ. ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿ: 49 ಲಕ್ಷ ಜೌಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಹಾಗಾದರೆ ಎತ್ತುವುದಕ್ಕೇ 1.36 ಯೂನಿಟ್ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿಸಿದರೆ ಹತ್ತಿರ ಹತ್ತಿರ ಎರಡು ಯೂನಿಟ್. ಯೂನಿಟ್‌ಗೆ ಐದೇ ರೂಪಾಯಿ ಎಂದಿಟ್ಟುಕೊಂಡರೂ ವಿದ್ಯುತ್ತಿಗೇ 10 ರೂಪಾಯಿ ಆಯಿತು. ಮಾರಿದ್ದು ಏಳಕ್ಕೆ! ನೌಕರರ ಸಂಬಳ, ಕೊಳವೆ ದುರಸ್ತಿ, ಸೋರಿಕೆ ಯಾವುದನ್ನೂ ನಾವು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹೆಚ್ಚು ಬಳಸುವವರಿಂದ, ಕಾರ್ಖಾನೆ, ಹೋಟೆಲುಗಳಿಂದ ಹೆಚ್ಚು ದರ ಪಡೆದು ಈ ನಷ್ಟ ತುಂಬುವ ಕ್ರಮ ಇದೆ, ನಿಜ. ಬಡವರಿಗೆ ಅಗ್ಗವಾಗಿ ಕೊಡಬೇಕೆಂಬ ಉದ್ದೇಶವೂ ಒಳ್ಳೆಯದೇ. ಆದರೆ ಮಾರುಕಟ್ಟೆವಾದಿಗಳು ಇಲ್ಲಿ ಒಂದು ಮೊನಚಾದ ಪ್ರಶ್ನೆ ಕೇಳುತ್ತಾರೆ: ಈ ಸಹಾಯಧನ ಬಡವರನ್ನು ಮುಟ್ಟಿತೋ, ಕೊಳವೆಯನ್ನು ಮುಟ್ಟಿತೋ? ಜಯನಗರ, ಬಸವನಗುಡಿಯಂತಹ ಹಳೆಯ ಬಡಾವಣೆಗಳಲ್ಲಿ ದೊಡ್ಡ ಮನೆಯವರಿಗೂ ಮೊದಲ 8,000 ಲೀಟರ್ ಏಳರ ದರದಲ್ಲೇ ಸಿಕ್ಕಿತು. ಉತ್ತರಹಳ್ಳಿಯ ಆಟೊ ಚಾಲಕ ಹದಿನಾಲ್ಕು ಪಟ್ಟು ಕೊಟ್ಟ. ಅಗ್ಗದ ದರದಿಂದ ಹಣವಿಲ್ಲದಾದ ಮಂಡಳಿ ಹೊಸ ಬೀದಿಗೆ ಕೊಳವೆ ಎಳೆಯಲು ತಡಮಾಡಿದರೆ, ಆ ತಡದ ಬಿಲ್ಲು ಟ್ಯಾಂಕರಿನವನ ಕೈಯಿಂದ ಬರುತ್ತದೆ. 2025ರ ಏಪ್ರಿಲಿನಲ್ಲಿ ಕೊನೆಗೂ ದರ ಪರಿಷ್ಕರಣೆಯಾದಾಗ ಈ ಮೊದಲ ಹಂತಕ್ಕೆ ಏರಿದ್ದು ಲೀಟರಿಗೆ 0.15 ಪೈಸೆ, ಅಂದರೆ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ. ಅದಕ್ಕೂ ಸಾಕಷ್ಟು ಗದ್ದಲವಾಯಿತು.

ಹಳ್ಳಿ ನಗರವಾದ ಬಗೆ

ಉತ್ತರಹಳ್ಳಿಗೆ ಕೊಳವೆ ತಡವಾಗಿ ಬಂದದ್ದೇಕೆ ಎಂದು ತಿಳಿಯಲು ಇದು ಬೆಳೆದ ರೀತಿಯನ್ನು ನೋಡಬೇಕು. ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರ ಇದು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಉತ್ತರಹಳ್ಳಿ ಹೆಸರಿನ ವಿಧಾನಸಭಾ ಕ್ಷೇತ್ರ ಇಡೀ ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರಗಳಲ್ಲೊಂದಾಗಿತ್ತು. ಜನ ಅಷ್ಟು ವೇಗವಾಗಿ ಬಂದು ತುಂಬಿದ್ದರು.

ಬಂದವರಿಗೆ ನಿವೇಶನ ಬೇಕು. 1976ರಲ್ಲಿ ಸ್ಥಾಪನೆಯಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳಿಂದಾಗಿ ಕೃಷಿಕರಲ್ಲದವರು ಹೊಲ ಕೊಳ್ಳುವಂತಿರಲಿಲ್ಲ. ಅವು ರದ್ದಾದದ್ದು 2020ರಲ್ಲಿ. ಹೊಲವನ್ನು ವಾಸಕ್ಕೆ ಬಳಸಲು ಭೂ ಪರಿವರ್ತನೆ ಬೇರೆ ಆಗಬೇಕು. ಮುಂಬಾಗಿಲು ಇಷ್ಟು ಇಕ್ಕಟ್ಟಾದಾಗ ಹಿಂಬಾಗಿಲು ಅಗಲವಾಯಿತು. ಅದರ ಹೆಸರು ರೆವಿನ್ಯೂ ಸೈಟು. ಸಾಲಸೋಲ ಮಾಡಿ ಕೊಂಡವರಿಗೆ ಸೈಟು ಸಿಕ್ಕಿತು, ಸರಿಯಾದ ಖಾತೆ ಸಿಗಲಿಲ್ಲ. ಖಾತೆ ಇಲ್ಲದ ಕಡೆ ರಸ್ತೆ, ಚರಂಡಿ, ಕೊಳವೆ ಎಲ್ಲವೂ ಕೊನೆಯಲ್ಲಿ.

ಈ ನಿಯಮಗಳನ್ನು ಮಾಡಿದ್ದು ರೈತನ ಭೂಮಿ ಉಳಿಯಲಿ, ನಗರ ಯೋಜನಾಬದ್ಧವಾಗಿರಲಿ ಎಂದೇ. ಉದ್ದೇಶವನ್ನು ಹಳಿಯಲಾರೆ. ಆದರೆ ಭೂಮಿಯೂ ಉಳಿಯಲಿಲ್ಲ, ಯೋಜನೆಯೂ ಆಗಲಿಲ್ಲ. ನಿಯಮವನ್ನು ಅದರ ಉದ್ದೇಶದಿಂದಲ್ಲ, ಫಲದಿಂದ ಅಳೆಯಿರಿ ಎಂಬುದು ಮಾರುಕಟ್ಟೆವಾದಿಗಳ ಮುಖ್ಯ ಪಾಠ. ವಿಜ್ಞಾನದವರಿಗೆ ಇದು ಹೊಸದಲ್ಲ. ಪ್ರಯೋಗದಲ್ಲಿ ಸಿದ್ಧಾಂತ ಎಷ್ಟು ಚೆಂದವಿದ್ದರೂ ಅಂಕಿ ಬೇರೆ ಬಂದರೆ ನಾವು ಅಂಕಿಯನ್ನೇ ನಂಬಬೇಕು.

ಸೂರ್ಯನ ತೆರಿಗೆ

ತೆರಿಗೆಗೆ ನಮ್ಮಲ್ಲಿ ಒಂದು ಸುಂದರ ಹೋಲಿಕೆ ಇದೆ. ಸೂರ್ಯ ಭೂಮಿಯಿಂದ ನೀರನ್ನು ಹೀರುವುದು ಅದನ್ನು ಸಾವಿರ ಪಟ್ಟು ಮಾಡಿ ಮಳೆಯಾಗಿ ಹಿಂದಿರುಗಿಸಲು. ರಾಜ ತೆರಿಗೆ ತೆಗೆದುಕೊಳ್ಳುವುದೂ ಹಾಗೆಯೇ ಎಂದು ಕಾಳಿದಾಸ ರಘುವಂಶದಲ್ಲಿ ಹೇಳುತ್ತಾನೆ. ಹೋಲಿಕೆ ಚೆನ್ನಾಗಿದೆ. ಆದರೆ ಉತ್ತರಹಳ್ಳಿಯಲ್ಲಿ ಆವಿಯಾದ ನೀರು ಉತ್ತರಹಳ್ಳಿಯಲ್ಲೇ ಮಳೆಯಾಗಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಸರಕಾರದಲ್ಲೂ ಇಲ್ಲ.

2005ರ ಸುಮಾರಿಗೆ ನಗರದ ಸುತ್ತಲಿನ ಏಳು ನಗರಸಭೆ ಮತ್ತು ಒಂದು ಪುರಸಭೆಯ ಜನರಿಗೆ ಬೃಹತ್ ಬೆಂಗಳೂರು ನೀರು ಮತ್ತು ಒಳಚರಂಡಿ ಯೋಜನೆ ಬಂತು. ನಿವೇಶನದ ಅಳತೆಗೆ ತಕ್ಕಂತೆ ಜನರೇ ಮುಂಗಡ ವಂತಿಗೆ ಕಟ್ಟಬೇಕೆಂದಾಯಿತು. ಸಾವಿರಾರು ಮನೆಯವರು ಕಟ್ಟಿದರು. ಹಲವು ಬಡಾವಣೆಗಳಲ್ಲಿ ಕೊಳವೆ ಹೂತರೂ ಅದರೊಳಗೆ ನೀರು ಬರಲು 2012ರಲ್ಲಿ ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿಯುವವರೆಗೆ ಕಾಯಬೇಕಾಯಿತು. ಅಂಗಡಿಯವನು ಏಳು ವರ್ಷ ಸಾಮಾನು ಕೊಡದಿದ್ದರೆ ನಾವು ಬೇರೆ ಅಂಗಡಿಗೆ ಹೋಗುತ್ತೇವೆ. ನಲ್ಲಿಗೆ ಬೇರೆ ಅಂಗಡಿ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಹಾಗೆಂದು ಎಲ್ಲ ಕಡೆಯೂ ಕತ್ತಲೆಯಲ್ಲ. 2000ನೇ ಇಸವಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಿತ ಆಸ್ತಿ ತೆರಿಗೆ ತಂದಿತು. ಅದಕ್ಕೆ ಮೊದಲು ಮನೆಯ ತೆರಿಗೆ ಎಷ್ಟೆಂಬುದು ಅಳೆಯಲು ಬಂದವರ ವಿವೇಚನೆಗೆ ಬಿಟ್ಟಿತ್ತು. ವಿವೇಚನೆ ಇರುವಲ್ಲಿ ಚೌಕಾಸಿ ಇದ್ದೇ ಇರುತ್ತದೆ. ಹೊಸ ಪದ್ಧತಿಯಲ್ಲಿ ಮನೆಯ ಅಳತೆ, ಬಡಾವಣೆಯ ದರ ನೋಡಿ ಮಾಲೀಕನೇ ಲೆಕ್ಕ ಹಾಕಿ ಕಟ್ಟಿದ. ಸಂಗ್ರಹ ಏರಿತು. 2008ರಲ್ಲಿ ಇದು ವಲಯವಾರು ಚದರಡಿ ದರದ ಪದ್ಧತಿಯಾಯಿತು. ನಿಯಮ ಸರಳವಾಗಿದ್ದು, ಎಲ್ಲರಿಗೂ ಗೊತ್ತಿದ್ದರೆ ಜನ ತೆರಿಗೆ ಕಟ್ಟುತ್ತಾರೆ. ಮುಕ್ತ ಮಾರುಕಟ್ಟೆ ಎಂದರೆ ಸರಕಾರವೇ ಬೇಡ ಎಂದಲ್ಲ; ಸರಕಾರ ಅಂಪೈರಿನಂತೆ ಇರಲಿ, ತಾನೇ ಬ್ಯಾಟು ಹಿಡಿಯದಿರಲಿ ಎಂದು.

ಒಂದು ಎಳನೀರು, ಹತ್ತು ಕೊಳವೆ

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನ ಅಚ್ಚುಕಟ್ಟಾಗುತ್ತಿತ್ತು. ಆದರೆ ಟ್ಯಾಂಕರಿನವನನ್ನು ನಾನು ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ: "ಬೋರಿನವನಿಗೆ ದುಡ್ಡು ಕೊಟ್ಟೆ ಅಂದೆಯಲ್ಲ, ಅವನು ಯಾರಿಗೆ ಕೊಟ್ಟ?"

ಅವನು ನಕ್ಕ. "ಕರೆಂಟಿನವ್ರಿಗೆ ಮೇಷ್ಟ್ರೇ. ನೀರಿಗೆ ಯಾರ್ಗೆ ಕೊಡೋದು? ಭೂಮ್ತಾಯಿಗಾ?"

ಇಲ್ಲಿಗೆ ಬಂದಾಗ ಉಷ್ಣಮಾಪಕದ ವಾದ ಕುಂಟುತ್ತದೆ. 1882ರ ಈಸ್‌ಮೆಂಟ್ಸ್ ಕಾಯಿದೆಯ ಕಾಲದಿಂದಲೂ ತನ್ನ ಜಮೀನಿನ ಅಡಿಯ ನೀರನ್ನು ಎತ್ತಿಕೊಳ್ಳುವುದು ಭೂಮಾಲೀಕನ ಹಕ್ಕು. ಆದರೆ ನೀರಿಗೆ ಬೇಲಿ ಗೊತ್ತಿಲ್ಲ. ಒಂದೇ ಎಳನೀರಿಗೆ ಹತ್ತು ಜನ ಕೊಳವೆ ಹಾಕಿ ಕುಳಿತರೆ ಏನಾಗುತ್ತದೆ? ನಿಧಾನವಾಗಿ ಕುಡಿದವನು ಮೂರ್ಖ. ಎಲ್ಲರೂ ಜೋರಾಗಿ ಎಳೆಯುತ್ತಾರೆ, ಎಳನೀರು ಬೇಗ ಬರಿದಾಗುತ್ತದೆ. ಸಾವಿರ ಅಡಿ ಕೊರೆದವನು 300 ಅಡಿಯವನ ನೀರನ್ನು ಹಣ ಕೊಡದೆ ಕೊಂಡುಹೋಗುತ್ತಾನೆ. ನನ್ನ ವಿದ್ಯಾರ್ಥಿನಿಯ ಮನೆಯ ಬೋರು ಬತ್ತಿದ್ದು ಹೀಗೆಯೇ ಇರಬಹುದು. ಟ್ಯಾಂಕರಿನ 1,500 ರೂಪಾಯಿಯಲ್ಲಿ ಆ ಬತ್ತಿದ ಬೋರಿನ ಬೆಲೆ ಸೇರಿರಲಿಲ್ಲ. ಅಂದರೆ ಬೆಲೆಯೂ ಅರ್ಧ ಸುದ್ದಿಯನ್ನಷ್ಟೇ ಹೇಳುತ್ತಿತ್ತು.

ಯಾರದೆಂದು ಗೊತ್ತಿಲ್ಲದ ವಸ್ತುವಿಗೆ ಸರಿಯಾದ ಬೆಲೆ ಹುಟ್ಟುವುದಿಲ್ಲವೆಂದು ಮಾರುಕಟ್ಟೆವಾದಿಗಳೇ ಒಪ್ಪುತ್ತಾರೆ. 2011ರಲ್ಲಿ ಕರ್ನಾಟಕ ಅಂತರ್ಜಲ ಕಾಯಿದೆ ಮಾಡಿತು. ಈಗ ಬೆಂಗಳೂರಿನಲ್ಲಿ ಕೊರೆಯಲು ಅನುಮತಿ ಬೇಕು. ಆದರೆ ಕೊರೆದ ಮೇಲೆ ಎಷ್ಟು ಎತ್ತಿದರೆಂದು ಲೆಕ್ಕವಿಡುವ ಮೀಟರು ಎಷ್ಟು ಬೋರಿನ ಮೇಲಿದೆ? ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನೋರ್ ಆಸ್ಟ್ರಮ್ ಅವರಿಗೆ ಪ್ರಶಸ್ತಿ ಬಂದದ್ದು 2009ರಲ್ಲಿ. 1965ರಲ್ಲಿ ಮುಗಿಸಿದ ತಮ್ಮ ಪಿಎಚ್.ಡಿ.ಗೆ ಅವರು ಆರಿಸಿಕೊಂಡಿದ್ದು ಲಾಸ್ ಏಂಜಲೀಸ್ ಬಳಿಯ ಅಂತರ್ಜಲವನ್ನು. ಅಲ್ಲಿ ಪಂಪು ಇಟ್ಟವರೇ ಸೇರಿ, ನ್ಯಾಯಾಲಯದ ಸಮ್ಮುಖದಲ್ಲಿ, ಯಾರು ಎಷ್ಟು ಎತ್ತಬೇಕೆಂದು ಒಪ್ಪಂದ ಮಾಡಿಕೊಂಡಿದ್ದರು.

ಇದನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಉತ್ತರಹಳ್ಳಿಯ ದೊರೆಕೆರೆಯ ಏರಿಯ ಮೇಲೆ ಸಂಜೆ ಗಾಳಿಗೆ ಬಂದಿದ್ದ ಊರಿನ ಹಳಬರೊಬ್ಬರು ನನ್ನ ಪಕ್ಕ ಕುಳಿತು ಹೇಳಿದರು: "ನಮ್ ಕಾಲ್ದಲ್ಲಿ ಇಲ್ಲೆಲ್ಲ ರಾಗಿ, ಅವರೆ ಕಣಪ್ಪ. ಕೆರೆ ಕೆಳಗೆ ಗದ್ದೆ. ತೂಬು ಎತ್ತೋಕೆ ನೀರಗಂಟಿ ಅಂತ ಇದ್ದ. ಗೌಡನ ಗದ್ದೆ ಆದ್ರೂ ಸರಿ, ಅವನು ಬಿಟ್ಟಷ್ಟೇ ನೀರು. ಸುಗ್ಗೀಲಿ ಎಲ್ರೂ ಅವನ್ಗೆ ಕಾಳು ಅಳೀಬೇಕು." ಹಳೆಯ ಮೈಸೂರಿನ ಕೆರೆಗಳ ಕೆಳಗೆಲ್ಲ ಈ ಪದ್ಧತಿ ಇತ್ತು. ನೀರಗಂಟಿಗೆ ಕೂಲಿ ಕೊಟ್ಟವರು ನೀರು ಉಂಡವರು. ಹತ್ತಿರದಲ್ಲೇ ಇದ್ದವನಾದ್ದರಿಂದ ಅವನನ್ನು ಕೇಳುವುದೂ ಸುಲಭವಿತ್ತು. ಅದನ್ನು ತೆರಿಗೆ ಎನ್ನಿ, ಶುಲ್ಕ ಎನ್ನಿ. ಕೊಟ್ಟ ಕಾಳಿಗೂ ಬಂದ ನೀರಿಗೂ ನಡುವೆ ಒಂದು ತೂಬಿನಷ್ಟೇ ದೂರ. ಬಲ್ಲಿದರ ದರ್ಬಾರೂ ಆಗ ಇತ್ತೆಂಬುದನ್ನು ಮರೆಯಬಾರದು. ಆದರೂ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು.

ಮನೆಪಾಠ

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರು ತರುವ ಯೋಜನೆ ಅದು. ಆ ಹಳ್ಳಿಗಳನ್ನು ಸೇರಿಸಿಕೊಂಡು ಹುಟ್ಟಿದ ಬಿಬಿಎಂಪಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಬೋರ್ಡುಗಳು ಬದಲಾಗುತ್ತವೆ. ಬೇಸಿಗೆ ಮಾತ್ರ ಮತ್ತೆ ಮತ್ತೆ ಬರುತ್ತದೆ.

ಆ ಹುಡುಗಿ ಈಗ ಮುಂದಿನ ಓದಿಗೆ ಹೋಗಿದ್ದಾಳೆ. ಈಚೆಗೆ ಸಿಕ್ಕಿದಾಗ ನನ್ನ ಉತ್ತರವನ್ನು ಒಪ್ಪಿಸಿದೆ. ಟ್ಯಾಂಕರಿನವನ ಖರ್ಚು ಏರಿದಾಗ ದರ ಇಳಿಸಿದರೆ ಅವನು ಬರುವುದಿಲ್ಲ. ನಿಮ್ಮಂಥ ಮನೆಗೆ ಸಹಾಯ ಬೇಕಿದ್ದರೆ ಹಣವನ್ನೋ ನೀರನ್ನೋ ನೇರವಾಗಿ ಕೊಡಬೇಕಿತ್ತು, ದರಪಟ್ಟಿಯನ್ನಲ್ಲ. ಆದರೆ ಬೋರಿನ ನೀರಿಗೂ ಮೀಟರು ಬೀಳುವವರೆಗೆ ಮಾರುಕಟ್ಟೆಯ ಬೆಲೆಯನ್ನೂ ಪೂರ್ತಿ ನಂಬಬೇಡ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ತಪ್ಪು ಯಾರ್ದು ಸಾರ್?" ಎಂದಳು. ಒಬ್ಬರದೇ ತಪ್ಪಾಗಿದ್ದರೆ ಸರಿಪಡಿಸುವುದು ಸುಲಭವಿತ್ತು ಎಂದೆ. ಅದಕ್ಕೆ ಅಂಕ ಕೊಡಲು ಅವಳಿಗೆ ಅಷ್ಟು ಮನಸ್ಸಿದ್ದಂತೆ ಕಾಣಲಿಲ್ಲ.

ಕೊನೆಗೆ ನಿಮಗೂ ಒಂದು ಮನೆಪಾಠ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಎರಡನ್ನೂ ಗುಣಿಸಿ, ಐದರಲ್ಲೊಂದು ಪಾಲು ನಷ್ಟ ಕಳೆಯಿರಿ. ಉಳಿಯುವುದು ಹೆಚ್ಚುಕಡಿಮೆ 72,000 ಲೀಟರ್, ಅಂದರೆ ಹನ್ನೆರಡು ಟ್ಯಾಂಕರ್. ಮಳೆ ನೀರು ಸಂಗ್ರಹ ಕಡ್ಡಾಯವೆಂದು 2009ರಲ್ಲೇ ಕಾನೂನಾಗಿದೆ. ದಂಡ ಕಟ್ಟಿಕೊಂಡು ಸುಮ್ಮನಿರುವ ಮನೆಗಳು ಇನ್ನೂ ಸಾವಿರಾರು ಇವೆ. ನಿಮ್ಮ ಮನೆಯ ನೀರಿನ ಬಿಲ್ಲು, ಆಸ್ತಿ ತೆರಿಗೆ ರಸೀದಿ, ಟ್ಯಾಂಕರ್ ಚೀಟಿ ಇದ್ದರೆ ಅದನ್ನೂ ಮೇಜಿನ ಮೇಲೆ ಹರಡಿಕೊಂಡು ಅಪ್ಪ ಅಮ್ಮನ ಜೊತೆ ಕುಳಿತುಕೊಳ್ಳಿ. ಒಂದು ಕೊಡ ನೀರು ನಿಮ್ಮ ಮನೆಗೆ ಎಷ್ಟಕ್ಕೆ ಬೀಳುತ್ತಿದೆ, ಅದರಲ್ಲಿ ನೀವು ಕೊಟ್ಟದ್ದೆಷ್ಟು, ಬೇರೆಯವರು ಕೊಟ್ಟದ್ದೆಷ್ಟು, ಯಾರೂ ಕೊಡದೆ ಉಳಿದದ್ದೆಷ್ಟು ಎಂದು ಬರೆದು ನೋಡಿ.

ನಾನು ಹಿಂದಿರುಗುವ ಬಸ್ಸು ಹತ್ತಿದಾಗ ಸಂಜೆ ಏಳು. ಚಿಕ್ಕಲ್ಲಸಂದ್ರದ ತಿರುವಿನಲ್ಲಿ ಎದುರಿಗೆ ಒಂದು ಟ್ಯಾಂಕರ್ ಬಂತು. ಹಿಂದಿನ ನಲ್ಲಿಯಿಂದ ನೀರು ಹನಿಯುತ್ತಲೇ ಇತ್ತು. ಅಭ್ಯಾಸಬಲದಿಂದ ಎಣಿಸಿದೆ. ಸೆಕೆಂಡಿಗೆ ಎರಡು ಹನಿ.